ನಾಲ್ಕು ತಂತಿ, ನೂರಾರು ಕೈ

1877ರ ಬೇಸಿಗೆ. ಯುರೋಪಿನ ಹೆಸರಾಂತ ಪಿಯಾನೊ ವಿದುಷಿ ಕ್ಲಾರಾ ಶೂಮನ್ ಉತ್ತರ ಜರ್ಮನಿಯ ಕೀಲ್ ನಗರಕ್ಕೆ ಬಂದಿಳಿದಿದ್ದರು. ಬಂದ ಮರುದಿನವೇ ಡ್ರಾಯರ್ ಒಂದನ್ನು ಎಳೆಯಲು ಹೋಗಿ ಅವರ ಬಲಗೈ ಉಳುಕಿತು. ಅದೇ ಹೊತ್ತಿಗೆ ಗೆಳೆಯ ಯೊಹಾನೆಸ್ ಬ್ರಾಮ್ಸ್ ಆಸ್ಟ್ರಿಯಾದ ಪೋರ್ಟ್‌ಶಾಖ್ ಎಂಬ ಸರೋವರದ ಊರಿನಿಂದ ಕಳಿಸಿದ ಸ್ವರಲಿಪಿ ಕೈಸೇರಿತು. ಬಿಚ್ಚಿ ನೋಡಿದರೆ ಎಡಗೈ ಒಂದರಿಂದಲೇ ನುಡಿಸಬೇಕಾದ ಪಿಯಾನೊ ಸಂಗೀತ! ಬಲಗೈ ಉಳುಕಿದ ಸುದ್ದಿ ಬ್ರಾಮ್ಸರಿಗೆ ಗೊತ್ತೇ ಇರಲಿಲ್ಲ. ಕ್ಲಾರಾ ಖುಷಿಯಿಂದ ಉತ್ತರ ಬರೆದರು.

ಆ ಸಂಗೀತ ಬ್ರಾಮ್ಸರ ಸ್ವಂತ ರಚನೆಯಲ್ಲ. ಅದಕ್ಕೂ ಒಂದೂವರೆ ಶತಮಾನ ಹಿಂದೆ ಯೊಹಾನ್ ಸೆಬಾಸ್ಟಿಯನ್ ಬಾಖ್ ಒಂಟಿ ಪಿಟೀಲಿಗಾಗಿ ಬರೆದ ‘ಶಕಾನ್’ ಅದು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಇದರಷ್ಟು ವಾದ್ಯಗಳನ್ನು ಹತ್ತಿಳಿದ ತನಿವಾದ್ಯ ಕೃತಿಗಳು ಬಹಳ ಇಲ್ಲ. ಪಿಯಾನೊ, ಗಿಟಾರ್, ಲ್ಯೂಟ್, ಇಡೀ ಆರ್ಕೆಸ್ಟ್ರಾ, ಕೊನೆಗೆ ಹಾಡುಗಾರರ ಕಂಠ ಎಲ್ಲದರಲ್ಲೂ ಅದರ ಧ್ವನಿಮುದ್ರಣಗಳಿವೆ. ಒಂದರ ಹಿಂದೆ ಒಂದನ್ನು ಕೇಳುತ್ತ ಹೋದರೆ, ಒಂದೇ ಊರನ್ನು ಬೇರೆ ಬೇರೆ ಗುಡ್ಡಗಳ ಮೇಲೆ ನಿಂತು ನೋಡಿದಂತಾಗುತ್ತದೆ.

ಮೊದಲು ಮೂಲ ಕೃತಿ. ಬಾಖ್ ಆಗ ಜರ್ಮನಿಯ ಕ್ಯೋಥೆನ್ ಎಂಬ ಪುಟ್ಟ ಸಂಸ್ಥಾನದಲ್ಲಿ ರಾಜಕುಮಾರ ಲಿಯೋಪೋಲ್ಡನ ಆಸ್ಥಾನ ಸಂಗೀತದ ಮುಖ್ಯಸ್ಥ. ಅವರೇ ಅಂದವಾಗಿ ಬರೆದಿಟ್ಟ ಹಸ್ತಪ್ರತಿಯ ಮೇಲೆ 1720 ಎಂಬ ವರ್ಷವಿದೆ. ಒಂಟಿ ಪಿಟೀಲಿಗೆ ಆರು ಕೃತಿಗಳು, ಮೂರು ಸೊನಾಟಾ ಮತ್ತು ಮೂರು ಪಾರ್ಟಿಟಾ. ಮಂದ್ರದ ಪಕ್ಕವಾದ್ಯ ಇಲ್ಲದೆ ಎಂಬ ಅರ್ಥದ ಇಟಾಲಿಯನ್ ಮಾತನ್ನು ಬಾಖ್ ಮುಖಪುಟದಲ್ಲೇ ಬರೆದಿದ್ದಾರೆ. ಎರಡನೆಯ ಪಾರ್ಟಿಟಾದ ಕಡೆಯ ಭಾಗವೇ ಶಕಾನ್. ಅದರ ಹಿಂದಿನ ನಾಲ್ಕು ಭಾಗಗಳೂ ಸೇರಿದರೆ ಎಷ್ಟಾಗುತ್ತದೋ ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ಸುಮಾರು ಹದಿನಾಲ್ಕು, ಹದಿನೈದು ನಿಮಿಷ.

ಕಟ್ಟಡ ಸರಳ. ಮೂರು ಎಣಿಕೆಯ ನಾಲ್ಕು ಆವರ್ತ, ಅದರ ತಳದಲ್ಲಿ ಮೆಟ್ಟಿಲಿಳಿದಂತೆ ಇಳಿಯುವ ಮಂದ್ರ ಸ್ವರಗಳ ಒಂದು ಸಾಲು. ಆ ಸಾಲು ಅರವತ್ತಕ್ಕೂ ಹೆಚ್ಚು ಸಲ ಸುತ್ತಿ ಬರುತ್ತದೆ. ಪ್ರತಿ ಸುತ್ತಿನಲ್ಲೂ ಮೇಲಿನ ಸಂಗೀತ ಬದಲಾಗುತ್ತದೆ. ಒಮ್ಮೆ ಗಂಭೀರ ನಡಿಗೆ, ಒಮ್ಮೆ ಜಲಪಾತದಂತೆ ಸುರಿಯುವ ಸ್ವರಗಳು, ಒಮ್ಮೆ ಪಿಸುಮಾತು. ತಾಳದ ಚೌಕಟ್ಟು ಅಲುಗದಂತೆ ಕಲ್ಪನಾಸ್ವರ ಬೆಳೆಸುವ ವಿದ್ವಾಂಸರನ್ನು ಕೇಳಿದ ಕಿವಿಗೆ ಇದು ತೀರ ಹೊಸದೆನಿಸದು. ಅರ್ಧ ದಾರಿ ಕ್ರಮಿಸಿದ ಮೇಲೆ ಮೈನರ್ ಸರಿದು ಮೇಜರ್ ಬರುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಷಡ್ಜ ಕದಲದೆ, ನಠಭೈರವಿ–ಕೀರವಾಣಿಗಳ ಸ್ವರಗಳಿಂದ ಶಂಕರಾಭರಣದ ಸ್ವರಗಳಿಗೆ ದಾಟಿದ ಹಾಗೆ. ರಾಗಗಳಲ್ಲ, ಬರೀ ಸ್ವರಸ್ಥಾನದ ಹೋಲಿಕೆ. ಆದರೂ ಆ ಕ್ಷಣದಲ್ಲಿ ಕೋಣೆಯ ಕಿಟಕಿ ತೆರೆದಂತಾಗುವುದು ಎಂಥ ಕೇಳುಗರಿಗೂ ತಿಳಿಯುತ್ತದೆ. ಬೆಳಕು ನಿಲ್ಲುವುದಿಲ್ಲ. ಮೈನರ್ ಮರಳಿ ಬರುತ್ತದೆ.

ಕಷ್ಟ ಇರುವುದು ವಾದ್ಯದಲ್ಲಿ. ಪಿಟೀಲಿನ ನಾಲ್ಕು ತಂತಿಗಳು ಹಾಯ್ದುಹೋಗುವ ಕುದುರೆ ಬಾಗಿದೆ. ಹಾಗಾಗಿ ನೇರ ಕಮಾನು ಒಮ್ಮೆಗೆ ಎರಡು ತಂತಿಗಳ ಮೇಲೆ ನಿಲ್ಲಬಲ್ಲದು, ಒತ್ತಿ ಎಳೆದರೆ ಕ್ಷಣಕಾಲ ಮೂರನ್ನು ತಾಕಬಲ್ಲದು. ಆದರೆ ಬಾಖ್ ಮೂರು ನಾಲ್ಕು ಸ್ವರಗಳ ಗುಚ್ಛಗಳನ್ನು ಒಂದರ ಮೇಲೊಂದು ಪೇರಿಸಿದ್ದಾರೆ. ವಾದಕರು ಗುಚ್ಛವನ್ನು ಮುರಿದು, ಕೆಳಗಿನ ಸ್ವರಗಳನ್ನು ಮುಟ್ಟಿ ಬಿಟ್ಟು, ಮೇಲಿನದರ ಮೇಲೆ ನಿಲ್ಲುತ್ತಾರೆ. ಬಿಟ್ಟುಹೋದ ಸ್ವರ ಇನ್ನೂ ನುಡಿಯುತ್ತಿದೆ ಎಂದು ಕೇಳುಗರ ಕಿವಿ ತಾನಾಗಿ ತುಂಬಿಕೊಳ್ಳುತ್ತದೆ. ಇನ್ನೂ ಕೆಲವು ಕಡೆ ಬಾಖ್ ಬರೀ ಗುಚ್ಛಗಳನ್ನು ಬರೆದು, ಇವನ್ನು ಬಿಡಿಸಿ ನುಡಿಸಿ ಎಂದಷ್ಟೇ ಸೂಚಿಸಿದ್ದಾರೆ. ಹೇಗೆ ಬಿಡಿಸಬೇಕು ಎಂಬುದು ನುಡಿಸುವವರ ಪಾಲು. ಎರಡು ಧ್ವನಿಮುದ್ರಣಗಳು ಎದ್ದು ಕಾಣುವಂತೆ ಕವಲೊಡೆಯುವುದು ಇಂಥ ಕಡೆಗಳಲ್ಲೇ.

ಇಲ್ಲಿ ಕನ್ನಡದ ಕೇಳುಗರು ಒಂದು ವ್ಯತ್ಯಾಸ ಗಮನಿಸಬೇಕು. ತ್ಯಾಗರಾಜರ ಕೃತಿಯನ್ನೋ ಪುರಂದರದಾಸರ ದೇವರನಾಮವನ್ನೋ ವೀಣೆಯಲ್ಲಿ, ಕೊಳಲಿನಲ್ಲಿ, ನಾಗಸ್ವರದಲ್ಲಿ ನುಡಿಸಿದರೆ ಅದನ್ನು ಯಾರೂ ರೂಪಾಂತರ ಎನ್ನುವುದಿಲ್ಲ. ಕೃತಿಯ ಮನೆ ಕಂಠ. ವಾದ್ಯಗಳೆಲ್ಲ ಆ ಮನೆಯ ನೆಂಟರು. ಸಾಹಿತ್ಯವನ್ನು ಮನಸ್ಸಿನಲ್ಲಿಟ್ಟು ನುಡಿಸಿದರೆ ಸಾಕು. ಬಾಖ್‌ರ ಶಕಾನ್ ಹಾಗಲ್ಲ. ನಾಲ್ಕು ತಂತಿ, ಒಂದು ಕಮಾನು, ಎಡಗೈಯ ನಾಲ್ಕು ಬೆರಳು ಇಷ್ಟರ ಇತಿಮಿತಿಯೇ ಅದರ ಸಾಹಿತ್ಯ. ಬೇರೆ ವಾದ್ಯಕ್ಕೆ ಒಯ್ದ ಕೂಡಲೇ ಆ ಇತಿಮಿತಿ ಕಳಚುತ್ತದೆ. ಆಗ ಉಳಿಯುವುದೇನು ಎಂಬುದು ಈ ಎಲ್ಲ ಧ್ವನಿಮುದ್ರಣಗಳು ಕೇಳುವ ಪ್ರಶ್ನೆ.

ಹತ್ತೊಂಬತ್ತನೆಯ ಶತಮಾನಕ್ಕೆ ಒಂಟಿ ಪಿಟೀಲು ಬರಿಮೈಯಲ್ಲಿ ನಿಂತಂತೆ ಕಂಡಿತು. ಬಾಖ್ ಬರೆದ ಆರೂ ಕೃತಿಗಳು ಅಚ್ಚಾದದ್ದೇ 1802ರಲ್ಲಿ, ಅವರು ತೀರಿಕೊಂಡು ಐವತ್ತೆರಡು ವರ್ಷಗಳ ಮೇಲೆ. 1840ರಲ್ಲಿ ಲೈಪ್‌ಜಿಗ್ ನಗರದ ಗೆವಾಂಡ್‌ಹೌಸ್ ಸಭಾಂಗಣದಲ್ಲಿ ಪಿಟೀಲು ವಾದಕ ಫರ್ಡಿನಾಂಡ್ ಡಾವಿಡ್ ಶಕಾನ್ ನುಡಿಸಿದಾಗ ಫೆಲಿಕ್ಸ್ ಮೆಂಡೆಲ್ಸನ್ ಪಿಯಾನೊ ಪಕ್ಕವಾದ್ಯ ಕೊಟ್ಟರು. ಬಳಿಕ ಕ್ಲಾರಾರ ಪತಿ ರಾಬರ್ಟ್ ಶೂಮನ್ ಆರೂ ಕೃತಿಗಳಿಗೆ ಪಿಯಾನೊ ಭಾಗ ಬರೆದರು. ಬೇಡ ಎಂದು ಬಾಖ್ ಮುಖಪುಟದಲ್ಲೇ ಬರೆದದ್ದನ್ನು ಇಬ್ಬರು ಮಹಾನ್ ಸಂಗೀತಕಾರರು ಪ್ರೀತಿಯಿಂದಲೇ ಮೀರಿದರು. ಆ ಪಿಯಾನೊ ಭಾಗಗಳ ಧ್ವನಿಮುದ್ರಣಗಳನ್ನು ಇಂದು ಕೇಳಿದರೆ ಕೆಲಸ ಅಚ್ಚುಕಟ್ಟು ಎನಿಸುತ್ತದೆ, ಆದರೆ ಕೇಳುಗರ ಕಿವಿ ತಾನೇ ತುಂಬಿಕೊಳ್ಳುತ್ತಿದ್ದ ಸ್ವರಗಳನ್ನೆಲ್ಲ ಪಿಯಾನೊ ಮೊದಲೇ ತುಂಬಿಬಿಟ್ಟಿರುತ್ತದೆ. ಪಕ್ಕವಾದ್ಯವಿಲ್ಲದೆ ವೇದಿಕೆಯಲ್ಲಿ ನಿಂತು ಬಾಖ್ ನುಡಿಸುವ ರೂಢಿಗೆ ಬಲ ತಂದವರು ಪಿಟೀಲು ವಾದಕ ಯೋಸೆಫ್ ಯೋಆಖಿಮ್. ಎಪ್ಪತ್ತು ದಾಟಿದ ಅವರು 1903ರಲ್ಲಿ ಗ್ರಾಮಫೋನಿಗಾಗಿ ಬಾಖ್‌ರ ಎರಡು ಚಿಕ್ಕ ಭಾಗಗಳನ್ನು ನುಡಿಸಿದರು. ಶಕಾನ್ ಆ ಕಾಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುವ ಮಾತೇ ಇರಲಿಲ್ಲ.

ಇನ್ನು ಬ್ರಾಮ್ಸ್. ಅವರ ಉಪಾಯ ಬೇರೆ. ಪಿಯಾನೊದಲ್ಲಿ ಹತ್ತು ಬೆರಳಿಗೂ ಕೆಲಸ ಕೊಟ್ಟರೆ ಈ ಸಂಗೀತ ಸಲೀಸಾಗಿಬಿಡುತ್ತದೆ, ಸಲೀಸಾದರೆ ಅದರ ಜೀವ ಹೋಗುತ್ತದೆ ಎಂದು ಅವರಿಗೆ ಅನಿಸಿತು. ಆದ್ದರಿಂದ ಒಂದು ಕೈಯನ್ನೇ ಕಟ್ಟಿಹಾಕಿದರು. ಸಂಗೀತವನ್ನು ಒಂದು ಸ್ಥಾಯಿ ಕೆಳಗಿಳಿಸಿದ್ದು ಬಿಟ್ಟರೆ ಹೆಚ್ಚೇನೂ ಬದಲಿಸಲಿಲ್ಲ. ಎಡಗೈ ಮಂದ್ರವನ್ನು ಮುಟ್ಟಿ, ಮೇಲಕ್ಕೆ ಜಿಗಿದು, ಮತ್ತೆ ಕೆಳಗೋಡಬೇಕು. ಕಮಾನು ತಂತಿಯಿಂದ ತಂತಿಗೆ ದಾಟುವಾಗ ಆಗುವ ಹಾಗೆಯೇ. ಇದೊಂದು ದಾರಿಯಲ್ಲಿ ಮಾತ್ರ ತನಗೆ ಪಿಟೀಲು ನುಡಿಸಿದ ಅನುಭವ ಸಿಗುತ್ತದೆ ಎಂಬರ್ಥದ ಮಾತನ್ನು ಅವರು ಕ್ಲಾರಾಗೆ ಬರೆದಿದ್ದರು. ವಾದ್ಯ ಬದಲಾದರೂ ಕಷ್ಟವನ್ನು ಉಳಿಸಿಕೊಂಡ ಈ ರೂಪಾಂತರವೇ ಎಲ್ಲಕ್ಕಿಂತ ಬಾಖ್‌ಗೆ ಹತ್ತಿರವಾದದ್ದು.

ಅದರ ಧ್ವನಿಮುದ್ರಣಗಳಲ್ಲಿ ಲಿಯಾನ್ ಫ್ಲೈಷರ್ ಅವರದನ್ನು ಮರೆಯಲಾಗದು. ಅಮೆರಿಕದ ಈ ಪಿಯಾನೊ ವಾದಕರಿಗೆ 1960ರ ದಶಕದ ನಡುವೆ, ಮೂವತ್ತೈದು ದಾಟಿದ ಹೊಸತಿನಲ್ಲೇ, ಬಲಗೈಯ ಬೆರಳುಗಳು ತಾವಾಗಿಯೇ ಒಳಕ್ಕೆ ಮಡಚಿಕೊಳ್ಳತೊಡಗಿದವು. ಡಿಸ್ಟೋನಿಯಾ ಎಂಬ ನರಸಂಬಂಧಿ ತೊಂದರೆ. ಮುಂದಿನ ಮೂರು ದಶಕ ಅವರು ಪಾಠ ಹೇಳಿದರು, ಆರ್ಕೆಸ್ಟ್ರಾ ನಡೆಸಿದರು, ಎಡಗೈಗೆಂದೇ ಬರೆದ ಕೃತಿಗಳನ್ನು ನುಡಿಸಿದರು. ಕ್ಲಾರಾರಿಗೆ ಕೆಲಕಾಲದ ಆಸರೆಯಾದ ಆ ಪುಟಗಳು ಫ್ಲೈಷರ್‌ಗೆ ವರ್ಷಾನುವರ್ಷದ ಸಂಗಾತಿಯಾದವು. ಅವರ ನುಡಿಸಾಣಿಕೆಯಲ್ಲಿ ಆತುರವಿಲ್ಲ. ಮಂದ್ರದ ಒಂದೊಂದು ಸ್ವರವೂ ತೂಗಿ ಇಟ್ಟಂತೆ ಬೀಳುತ್ತದೆ. ಹೊಸ ತಲೆಮಾರಿನ ಡಾನಿಯಿಲ್ ತ್ರಿಫೊನೊವ್ ಕೂಡ 2021ರ ತಮ್ಮ ಬಾಖ್ ಸಂಪುಟದಲ್ಲಿ ಇದೇ ಎಡಗೈ ಶಕಾನನ್ನು ಸೇರಿಸಿದರು.

ಬ್ರಾಮ್ಸ್ ಬಾಗಿಲು ಮುಚ್ಚಿದ ಕಡೆ ಫೆರುಚ್ಚೊ ಬುಸೋನಿ ಗೋಡೆಯನ್ನೇ ಕೆಡವಿದರು. ಇಟಲಿಯ ಈ ಪಿಯಾನೊ ವಾದಕ 1890ರ ದಶಕದ ಆರಂಭದಲ್ಲಿ, ಅಮೆರಿಕದ ಬಾಸ್ಟನ್‌ನಲ್ಲಿದ್ದಾಗ, ಎರಡೂ ಕೈಗಳಿಗೆ ಶಕಾನ್ ಬರೆದರು. ಇಲ್ಲಿ ಪಿಟೀಲಿನ ನೆನಪು ಕಡಿಮೆ, ಇಗರ್ಜಿಯ ಆರ್ಗನ್ನಿನ ಗಾಂಭೀರ್ಯ ಹೆಚ್ಚು. ಮಂದ್ರದಲ್ಲಿ ಗಂಟೆ ಬಾರಿಸಿದಂತೆ ಜೋಡಿಸ್ವರಗಳು, ಮೇಲೆ ಹೊಸದಾಗಿ ನೇಯ್ದ ಎಳೆಗಳು. ಅರ್ತೂರೊ ಬೆನೆದೆತ್ತಿ ಮಿಕೆಲಾಂಜೆಲಿ 1948ರಲ್ಲಿ ಲಂಡನ್ನಿನಲ್ಲಿ ಮಾಡಿದ ಧ್ವನಿಮುದ್ರಣ ಕೇಳಿದವರು ಬುಸೋನಿ ಅತಿ ಮಾಡಿದರು ಎನ್ನಲು ಹಿಂಜರಿಯುತ್ತಾರೆ. ಆ ಅಬ್ಬರದ ನಡುವೆಯೂ ಮಿಕೆಲಾಂಜೆಲಿಯ ಒಂದು ಸ್ವರವೂ ಕಲಸಿಹೋಗುವುದಿಲ್ಲ. ಇದು ಬಾಖ್ ಅಲ್ಲ, ಬಾಖ್‌ರ ಮುಂದೆ ನಿಂತ ಇನ್ನೊಬ್ಬ ದೊಡ್ಡ ಮನಸ್ಸಿನ ಪ್ರತಿಕ್ರಿಯೆ ಎಂದುಕೊಂಡು ಕೇಳಬೇಕು.

ಪಿಯಾನೊ ಪಂಡಿತರ ಈ ವೈಭವದ ಎದುರು 1935ರ ಜೂನಿನಲ್ಲಿ ಪ್ಯಾರಿಸ್ಸಿನ ವೇದಿಕೆಗೆ ಒಂದು ಗಿಟಾರ್ ಬಂತು. ಆಂದ್ರೇಸ್ ಸೆಗೋವಿಯಾ ತಾವೇ ಹೊಂದಿಸಿದ ಶಕಾನನ್ನು ನುಡಿಸಿದರು. ಗಿಟಾರ್ ಹೋಟೆಲು, ಹಜಾರಗಳ ಹಾಡಿಗಷ್ಟೇ ಸೈ ಎಂದು ಬಹುಪಾಲು ವಿದ್ವಾಂಸರು ನಂಬಿದ್ದ ಕಾಲ ಅದು. ಗಿಟಾರಿಗೆ ಆರು ತಂತಿ, ಬೆರಳಿಗೆ ಆಸರೆಯಾಗಿ ಮೆಟ್ಟಿಲುಗಳು. ಪಿಟೀಲು ಮುರಿದು ಕೊಡಬೇಕಾದ ಸ್ವರಗುಚ್ಛ ಇಲ್ಲಿ ಒಂದೇ ಮೀಟಿಗೆ ಸಿಗುತ್ತದೆ. ಆದರೆ ಮೀಟಿದ ಸ್ವರ ಹುಟ್ಟಿದ ಕ್ಷಣದಿಂದಲೇ ಸಾಯತೊಡಗುತ್ತದೆ. ಕಮಾನಿನಂತೆ ಅದನ್ನು ಎಳೆದು ನಿಲ್ಲಿಸಲಾಗದು, ಹಿಗ್ಗಿಸಲಾಗದು. ಹೀಗೆ ಒಂದು ಕಷ್ಟ ಹೋಗಿ ಇನ್ನೊಂದು ಬಂತು. ಸೆಗೋವಿಯಾ 1940ರ ದಶಕದಲ್ಲಿ, ಮತ್ತೆ 1950ರ ದಶಕದಲ್ಲಿ ಅದನ್ನು ಮುದ್ರಿಸಿದರು. ಅಲ್ಲಿಂದೀಚೆಗೆ ಶಕಾನ್ ನುಡಿಸದೆ ಗಿಟಾರ್ ವಿದ್ವಾಂಸ ಎನಿಸಿಕೊಳ್ಳುವುದು ಕಷ್ಟವೆಂಬಷ್ಟು ಅದು ಆ ವಾದ್ಯದ್ದೇ ಆಯಿತು.

ಒಂದು ಲೆಕ್ಕದಲ್ಲಿ ಇದು ತವರಿಗೆ ಮರಳಿದ್ದೂ ಹೌದು. ಶಕಾನ್ ಎಂಬ ಕುಣಿತ ಹದಿನಾರನೆಯ ಶತಮಾನದ ಕೊನೆಗೆ ಸ್ಪೇನಿನಲ್ಲಿ ಕಾಣಿಸಿಕೊಂಡಾಗ ಅದರ ಜೊತೆಗಿದ್ದದ್ದು ಗಿಟಾರೇ. ಮಡಿವಂತರು ಹುಬ್ಬು ಗಂಟಿಕ್ಕುತ್ತಿದ್ದ ಬೀದಿಯ ಕುಣಿತವದು. ಜರ್ಮನಿಗೆ ಬರುವಷ್ಟರಲ್ಲಿ ನಡೆ ನಿಧಾನವಾಗಿ, ಮುಖ ಗಂಭೀರವಾಯಿತು.

ಗಿಟಾರಿನ ದಾರಿಯಲ್ಲಿ ಇನ್ನೂ ಮುಂದೆ ಹೋದವರು ಸ್ಕಾಟ್ಲೆಂಡಿನ ಪಾಲ್ ಗಾಲ್‌ಬ್ರೇತ್. ಎಂಟು ತಂತಿಯ ಗಿಟಾರನ್ನು ಚೆಲ್ಲೊದಂತೆ ನೆಟ್ಟಗೆ ಹಿಡಿದು, ಅದರ ತಳದ ಲೋಹದ ಕಡ್ಡಿಯನ್ನು ಮರದ ಪೆಟ್ಟಿಗೆಯೊಂದರ ಮೇಲೆ ಊರಿ ನುಡಿಸುತ್ತಾರೆ. ಪೆಟ್ಟಿಗೆಯೂ ಜೊತೆಗೂಡಿ ಅನುರಣಿಸುತ್ತದೆ. 1998ರಲ್ಲಿ ಹೊರಬಂದ ಅವರ ಸಂಪುಟದಲ್ಲಿ ಆರೂ ಕೃತಿಗಳಿವೆ. ಲ್ಯೂಟ್ ಎಂಬ ಹಳೆಯ ತಂತಿವಾದ್ಯದ ವಾದಕ ಹಾಪ್ಕಿನ್ಸನ್ ಸ್ಮಿತ್ ಕೂಡ ಆರನ್ನೂ ಮುದ್ರಿಸಿದ್ದಾರೆ. ರಾತ್ರಿಯ ನಿಶ್ಶಬ್ದದಲ್ಲಿ ಕೇಳಬೇಕಾದ ಮೆಲುದನಿ ಅವರದು.

ಇದಕ್ಕೆ ತೀರ ವಿರುದ್ಧದ ತುದಿಯಲ್ಲಿ ನಿಂತವರು ಆರ್ಕೆಸ್ಟ್ರಾ ನಿರ್ದೇಶಕ ಲಿಯೋಪೋಲ್ಡ್ ಸ್ಟೊಕೊವ್‌ಸ್ಕಿ. 1930ರ ದಶಕದಲ್ಲಿ ಅವರು ಫಿಲಡೆಲ್ಫಿಯಾ ಆರ್ಕೆಸ್ಟ್ರಾಕ್ಕೆ ಶಕಾನ್ ಹೊಂದಿಸಿ ಮುದ್ರಿಸಿದರು. ಸೊಗಸಾದ ಬಣ್ಣಗಳೇನೋ ಇವೆ. ಆದರೆ ಒಬ್ಬರು ಹೊರುತ್ತಿದ್ದ ಭಾರವನ್ನು ಹತ್ತಾರು ಜನ ಹೊತ್ತಾಗ ಭಾರವೇ ಕಾಣುವುದಿಲ್ಲ.

ವಾದ್ಯ ಬದಲಿಸುವ ಬದಲು ಕಮಾನನ್ನೇ ಬದಲಿಸಿದರೆ? ಹಂಗೆರಿಯ ಪಿಟೀಲು ವಾದಕ ಎಮಿಲ್ ತೆಲ್ಮಾನ್ಯಿ 1954ರಲ್ಲಿ ಬಿಲ್ಲಿನಂತೆ ಹೊರಕ್ಕೆ ಬಾಗಿದ ವೇಗಾ ಎಂಬ ಕಮಾನು ಹಿಡಿದು ಆರೂ ಕೃತಿಗಳನ್ನು ಮುದ್ರಿಸಿದರು. ಹೆಬ್ಬೆರಳಿನಿಂದ ಅದರ ಕೂದಲನ್ನು ಸಡಿಲಿಸಿದರೆ ನಾಲ್ಕೂ ತಂತಿಗಳನ್ನು ಒಟ್ಟಿಗೆ ಅಪ್ಪಿಕೊಳ್ಳುತ್ತದೆ, ಬಿಗಿದರೆ ಒಂದೇ ತಂತಿ. ಬಾಖ್ ಕಾಲದ ಕಮಾನು ಹೀಗೇ ಇತ್ತೆಂದು ಆಲ್ಬರ್ಟ್ ಶ್ವೈಟ್ಸರ್‌ರಂಥ ದೊಡ್ಡವರು ವಾದಿಸಿದ್ದರು. ಅಂಥ ಕಮಾನು ಆಗ ಇತ್ತೆನ್ನಲು ಆಧಾರವಿಲ್ಲ ಎಂಬುದು ಇತಿಹಾಸಕಾರರ ನಿಲುವು. ಧ್ವನಿಮುದ್ರಣ ಮಾತ್ರ ಕೇಳಲೇಬೇಕಾದದ್ದು. ಸ್ವರಗುಚ್ಛಗಳು ಆರ್ಗನ್ನಿನಂತೆ ತುಂಬಿ ನಿಲ್ಲುತ್ತವೆ. ಆದರೆ ಮೂಲದಲ್ಲಿ ಕಮಾನು ತಂತಿಗಳನ್ನು ಹತ್ತಿ ದಾಟುವಾಗಿನ ಉಸಿರೆಳೆತ, ಆ ಸಣ್ಣ ಹೋರಾಟ, ಮಾಯವಾಗುತ್ತದೆ. ವಾದ್ಯ ತಿದ್ದುವ ಸಾಹಸ ನಮ್ಮಲ್ಲೂ ನಡೆದಿದೆ: ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಬಿಗಿದರು. ಅವರ ಉದ್ದೇಶ ಬೇರೆ, ಮೈಕಿಲ್ಲದ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಬೇಕಿತ್ತು.

ಕೆಲವು ರೂಪಾಂತರಗಳ ಹಿಂದೆ ಕಥೆಯೊಂದು ನಿಂತಿದೆ. 1720ರ ಬೇಸಿಗೆಯಲ್ಲಿ ಬಾಖ್ ರಾಜಕುಮಾರನ ಜೊತೆ ಕಾರ್ಲ್ಸ್‌ಬಾಡ್‌ಗೆ ಹೋಗಿದ್ದರು. ಮರಳಿ ಬರುವಷ್ಟರಲ್ಲಿ ಹೆಂಡತಿ ಮರಿಯಾ ಬಾರ್ಬರಾ ತೀರಿಕೊಂಡು ಮಣ್ಣೂ ಆಗಿತ್ತು. ಶಕಾನ್ ಆಕೆಯ ಸಮಾಧಿಗೆ ಇಟ್ಟ ಹೂವು, ಅದರ ಸ್ವರಗಳೊಳಗೆ ಇಗರ್ಜಿಯ ಪ್ರಾರ್ಥನಾಗೀತೆಗಳು ಅಡಗಿವೆ ಎಂದು ಜರ್ಮನಿಯ ಸಂಶೋಧಕಿ ಹೆಲ್ಗಾ ತೋನೆ ವಾದಿಸಿದರು. ಅದನ್ನು ನೆಚ್ಚಿ ಪಿಟೀಲು ವಾದಕ ಕ್ರಿಸ್ಟೋಫ್ ಪೊಪ್ಪೆನ್ ಮತ್ತು ಹಿಲಿಯರ್ಡ್ ಆನ್‌ಸಾಂಬಲ್ ಹಾಡುಗಾರರು ಸೇರಿ ತಂದ ‘ಮೊರಿಮುರ್’ ಎಂಬ ಮುದ್ರಿಕೆ 2001ರಲ್ಲಿ ಬಂತು. ಪಿಟೀಲು ಶಕಾನ್ ನುಡಿಸುತ್ತದೆ, ಅದರ ಮೇಲೆ ಕಂಠಗಳು ಆ ಗೀತೆಗಳ ತುಣುಕುಗಳನ್ನು ಮೆಲ್ಲಗೆ ಹಾಡುತ್ತವೆ. ವಾದವನ್ನು ಬಹಳಷ್ಟು ವಿದ್ವಾಂಸರು ಒಪ್ಪಿಲ್ಲ. ಒಪ್ಪದಿದ್ದರೂ ಕೇಳುವಾಗ ಗಂಟಲು ಕಟ್ಟುತ್ತದೆ. ಒಂದು ವಾದ ಇತಿಹಾಸವಾಗಿ ನಿಲ್ಲದೆ ಹೋಗಿಯೂ ಸಂಗೀತವಾಗಿ ನಿಲ್ಲಬಹುದು.

ಇಷ್ಟೆಲ್ಲ ಸುತ್ತಿ ಬಂದವರು ಕೊನೆಗೆ ಪಿಟೀಲಿಗೇ ಮರಳುತ್ತಾರೆ. ಆರೂ ಕೃತಿಗಳನ್ನು ಮೊದಲ ಬಾರಿಗೆ ಪೂರ್ತಿಯಾಗಿ ಮುದ್ರಿಸಿದ ಕೀರ್ತಿ ಯೆಹೂದಿ ಮೆನುಹಿನ್‌ಗೆ ಸಲ್ಲುತ್ತದೆ. 1934ರಿಂದ 1936ರವರೆಗೆ ಆ ಕೆಲಸ ನಡೆಯಿತು. ಶುರುವಾದಾಗ ಅವರ ವಯಸ್ಸು ಸುಮಾರು ಹದಿನೆಂಟು. ನಿಮಿಷಕ್ಕೆ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕೂವರೆ ನಿಮಿಷದ ಆಸುಪಾಸು ಮಾತ್ರ ಹಿಡಿಯುತ್ತಿತ್ತು. ಶಕಾನನ್ನು ತುಂಡು ಮಾಡಿ ನುಡಿಸಬೇಕಿತ್ತು, ಮನೆಯಲ್ಲಿ ಕೇಳುವವರು ನಡುನಡುವೆ ಎದ್ದು ತಟ್ಟೆ ಮಗುಚಬೇಕಿತ್ತು. ಆ ಮುದ್ರಣದಲ್ಲಿ ಯೌವನದ ಧೈರ್ಯವಿದೆ, ಕಮಾನಿಗೆ ಭಯವೇ ಗೊತ್ತಿಲ್ಲ.

ಭಯ ಆಮೇಲೆ ಬಂತು. ಬಾಲಪ್ರತಿಭೆಯಾಗಿ ದೇಹಕ್ಕೆ ತಾನಾಗಿ ಒಲಿದಿದ್ದ ವಿದ್ಯೆ ಯುದ್ಧದ ವರ್ಷಗಳ ಬಿಡುವಿಲ್ಲದ ಕಚೇರಿಗಳ ಬಳಿಕ ಕೈಕೊಡತೊಡಗಿತ್ತು. 1952ರಲ್ಲಿ ಭಾರತಕ್ಕೆ ಬಂದಾಗ ಮುಂಬಯಿಯಲ್ಲಿ ಮೆನುಹಿನ್ ಬಿ.ಕೆ.ಎಸ್. ಅಯ್ಯಂಗಾರರನ್ನು ಕಂಡರು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಟಿ. ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು, ಪುಣೆಯಲ್ಲಿ ನೆಲೆಸಿದ್ದ ಯೋಗಗುರು. ಆ ಪಾಠ ವರ್ಷಗಟ್ಟಲೆ ಮುಂದುವರಿಯಿತು. ಅಯ್ಯಂಗಾರರಿಗೆ ಮೆನುಹಿನ್ ಕೊಟ್ಟ ಕೈಗಡಿಯಾರದ ಮೇಲೆ, ಅವರೇ ತನ್ನ ಅತ್ಯುತ್ತಮ ಪಿಟೀಲು ಗುರು ಎಂಬರ್ಥದ ಬರಹ ಕೆತ್ತಿಸಿದ್ದರು. 1950ರ ದಶಕದ ಉತ್ತರಾರ್ಧದಲ್ಲಿ ಮೆನುಹಿನ್ ಆರೂ ಕೃತಿಗಳನ್ನು ಮತ್ತೆ ಮುದ್ರಿಸಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ. ಮೊದಲನೆಯದು ಹರಿಯುತ್ತದೆ, ಎರಡನೆಯದು ಯೋಚಿಸುತ್ತದೆ.

ಬಾಖ್ ಬರೆದ ಒಂಟಿ ಸಂಗೀತದ ಪಯಣ ಶಕಾನಿಗೆ ಮುಗಿಯುವುದಿಲ್ಲ. ಕ್ರಿಸ್ ತೀಲಿ 2013ರಲ್ಲಿ ಪಿಟೀಲಿನ ಸೊನಾಟಾ, ಪಾರ್ಟಿಟಾಗಳಲ್ಲಿ ಕೆಲವನ್ನು ಮ್ಯಾಂಡೊಲಿನ್‌ನಲ್ಲಿ ಮುದ್ರಿಸಿದರು. ಎರಡು ವಾದ್ಯಗಳ ಶ್ರುತಿಯೂ ಒಂದೇ ಆದ್ದರಿಂದ ಒಂದು ಸ್ವರವನ್ನೂ ಕದಲಿಸಬೇಕಿರಲಿಲ್ಲ. ಜಪಾನಿನ ಯಾಸುಆಕಿ ಶಿಮಿಜು ಬಾಖ್‌ರ ಚೆಲ್ಲೊ ಸ್ವೀಟ್‌ಗಳನ್ನು ಟೆನರ್ ಸ್ಯಾಕ್ಸೋಫೋನಿನಲ್ಲಿ ನುಡಿಸಿದರು. ಅದಕ್ಕೆ ಆರಿಸಿಕೊಂಡ ಜಾಗಗಳಲ್ಲಿ ಒಂದು ಒಯಾ ಎಂಬಲ್ಲಿನ ನೆಲದಡಿಯ ಕಲ್ಲುಗಣಿ. ಅಲ್ಲಿ ಊದಿದ ಸ್ವರ ಬಹಳ ಹೊತ್ತು ತೇಲುತ್ತಿದ್ದು, ಮುಂದಿನ ಸ್ವರ ಅದರ ಮೇಲೆ ಬಂದು ಕೂಡುತ್ತದೆ. ಗುಹೆಯೇ ಪಕ್ಕವಾದ್ಯ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತ ಕದ್ರಿ ಗೋಪಾಲನಾಥರು ಅದೇ ವಾದ್ಯದಲ್ಲಿ ಗಮಕ ಹೊರಡಿಸಲು ವರ್ಷಗಟ್ಟಲೆ ಹೆಣಗಿದ್ದು ನೆನಪಾಗುತ್ತದೆ. ಒಬ್ಬರಿಗೆ ಸ್ವರ ಜಾರಬೇಕಿತ್ತು, ಇನ್ನೊಬ್ಬರಿಗೆ ನಿಲ್ಲಬೇಕಿತ್ತು.

ಕೊನೆಗೆ ಇನ್ನೊಂದು ಕೈಯ ಮಾತು. ಒಡೆಸ್ಸಾದಲ್ಲಿ ಹುಟ್ಟಿದ ನಾಥನ್ ಮಿಲ್‌ಸ್ಟೈನ್ ಬದುಕಿಡೀ ಶಕಾನ್ ನುಡಿಸಿದವರು, ಆರೂ ಕೃತಿಗಳನ್ನು ಎರಡು ಬಾರಿ ಮುದ್ರಿಸಿದವರು. 1986ರ ಜುಲೈನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಕಚೇರಿ. ವಯಸ್ಸು ಎಂಬತ್ತೆರಡು. ಎಡಗೈಯ ತೋರುಬೆರಳು ತೊಂದರೆ ಕೊಡುತ್ತಿತ್ತು. ದಶಕಗಳಿಂದ ಕೈಗೆ ಅಂಟಿದ್ದ ಬೆರಳಿನ ಲೆಕ್ಕವನ್ನು ಕಚೇರಿಯ ಮುಂಚೆ ಬದಲಿಸಿಕೊಂಡು, ಆ ಬೆರಳಿನ ಕೆಲಸವನ್ನು ಆದಷ್ಟೂ ಉಳಿದವಕ್ಕೆ ಹಂಚಿ ಅವರು ವೇದಿಕೆ ಹತ್ತಿದರು. ಕೆಲಕಾಲದಲ್ಲೇ ಬಿದ್ದು ಎಡಗೈ ಮುರಿದದ್ದರಿಂದ ಅದೇ ಅವರ ಕಡೆಯ ಕಚೇರಿಯಾಯಿತು. ಅದರ ಧ್ವನಿಮುದ್ರಣ ಉಳಿದಿದೆ. ಶಕಾನ್ ಅದರಲ್ಲಿ ಪೂರ್ತಿ ಇದೆ, ಕಡೆಯ ಸ್ವರದವರೆಗೆ. ಬಾಖ್ ಅಲ್ಲಿ ಯಾವ ಗುಚ್ಛವನ್ನೂ ಇಟ್ಟಿಲ್ಲ. ಮೇಜರೋ ಮೈನರೋ ಎಂದು ಹೇಳುವ ಗಾಂಧಾರವೂ ಇಲ್ಲ. ಬರೀ ಷಡ್ಜ.